ಹಾಸನದ ಹಳೆಯ ಚಿತ್ರಮಂದಿರಗಳ ವೇದಿಕೆ ಮತ್ತೆ ಬಳಕೆಗೆ ಬರಲಿ

ಮಾನ್ಯ ಸಂಪಾದಕರೇ,

ಏಕಪರದೆ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಬಗ್ಗೆ, ಆ ಜಾಗಗಳಲ್ಲಿ ವಾಣಿಜ್ಯ ಮಳಿಗೆಗಳೋ ಕಲ್ಯಾಣ ಮಂಟಪಗಳೋ ಏಳುತ್ತಿರುವ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಓದುತ್ತೇವೆ. ಜನ ಬರುತ್ತಿಲ್ಲ ಎಂದು ಮಾಲೀಕರು ಹೇಳುತ್ತಾರೆ. ಒಳ್ಳೆಯ ಚಿತ್ರ ಹಾಕಿದರೆ ಬರುತ್ತೇವೆ ಎಂದು ಪ್ರೇಕ್ಷಕರು ಹೇಳುತ್ತಾರೆ. ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಈ ಎರಡು ಮಾತುಗಳ ನಡುವೆ ಯಾರ ಗಮನಕ್ಕೂ ಬಾರದ ಒಂದು ಜಾಗವಿದೆ. ಅದು ಬಿಳಿ ಪರದೆಯ ಮುಂದಿರುವ, ನಾಲ್ಕಡಿ ಎತ್ತರದ, ಈಗ ದೂಳು ತಿನ್ನುತ್ತಿರುವ ವೇದಿಕೆ. ಆ ವೇದಿಕೆಯ ಮೇಲೆ ಚಿತ್ರಕ್ಕೆ ಮೊದಲು ಇಪ್ಪತ್ತು ನಿಮಿಷದ ಒಂದು ಜೀವಂತ ಪ್ರದರ್ಶನವನ್ನು, ನಮ್ಮ ಜಿಲ್ಲೆಯ ಕಥೆಗಳಿಂದ, ನಮ್ಮ ಜಿಲ್ಲೆಯ ಕಲಾವಿದರಿಂದಲೇ ಕಟ್ಟಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇದು ಹೊರದೇಶದಲ್ಲಿ ಇಂದಿಗೂ ಯಶಸ್ವಿಯಾಗಿ ನಡೆದಿರುವ ಪದ್ಧತಿ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಲಾಸ್ ಏಂಜಲೀಸಿನ ಹಾಲಿವುಡ್ ಬುಲೆವಾರ್ಡಿನಲ್ಲಿರುವ ಎಲ್ ಕ್ಯಾಪಿಟನ್ ಚಿತ್ರಮಂದಿರದಲ್ಲಿ ಮೊಮ್ಮಕ್ಕಳ ಜೊತೆ ಕುಳಿತು ಅದನ್ನು ಕಣ್ಣಾರೆ ಕಂಡೆ. ಆ ಕಟ್ಟಡ 1926ರಲ್ಲಿ ನಾಟಕಶಾಲೆಯಾಗಿ ಆರಂಭವಾದದ್ದು. 1940ರ ದಶಕದಲ್ಲಿ ಅದನ್ನು ಪೂರ್ಣ ಪ್ರಮಾಣದ ಚಿತ್ರಮಂದಿರವಾಗಿ ಮಾರ್ಪಡಿಸಿ, ಹೆಸರು ಬದಲಿಸಿ, ಹಳೆಯ ಕುಸುರಿ ಅಲಂಕಾರವನ್ನೆಲ್ಲ ಹೊಸ ಹೊದಿಕೆಯ ಹಿಂದೆ ಮುಚ್ಚಿಬಿಟ್ಟಿದ್ದರು. ಡಿಸ್ನಿ ಸಂಸ್ಥೆಯು ಅಲ್ಲಿನ ಒಂದು ಪ್ರದರ್ಶಕ ಸಂಸ್ಥೆಯೊಡನೆ ಸೇರಿ ಆ ಹೊದಿಕೆಯನ್ನು ತೆಗೆಸಿ, ಮೂಲರೂಪಕ್ಕೆ ತಂದು, 1991ರಲ್ಲಿ ಮತ್ತೆ ತೆರೆಯಿತು. ಒಳಾಂಗಣವನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಆಲ್ಬರ್ಟ್ ಲ್ಯಾನ್ಸ್‌ಬರ್ಗ್ ಅದಕ್ಕೆ ಆರಿಸಿಕೊಂಡದ್ದು ಭಾರತೀಯ ಶೈಲಿಯ ಅಲಂಕಾರ ಎಂಬುದನ್ನು ತಿಳಿದಾಗ, ಬೇಲೂರಿನ ನೆರೆಯವಳಾದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಚಿತ್ರ ಆರಂಭವಾಗುವ ಮೊದಲು ಅಲ್ಲಿ ವೇದಿಕೆಯ ಮುಂದೆ ಕುಳಿತ ಒಬ್ಬ ವಾದಕರು ದೊಡ್ಡ ವುರ್ಲಿಟ್ಸರ್ ಆರ್ಗನ್ನನ್ನು ನುಡಿಸುತ್ತಾರೆ. ಆ ವಾದ್ಯ ಮೊದಲು ಸ್ಯಾನ್ ಫ್ರಾನ್ಸಿಸ್ಕೋ ನಗರದ ಫಾಕ್ಸ್ ಎಂಬ ಬೃಹತ್ ಚಿತ್ರಮಂದಿರದಲ್ಲಿತ್ತು. ಆ ಮಂದಿರವನ್ನು 1963ರಲ್ಲಿ ಕೆಡವಿದರು. ವಾದ್ಯ ಮಾತ್ರ ಉಳಿದು ಇಲ್ಲಿಗೆ ಬಂತು. ವಾದನ ಮುಗಿಯುತ್ತಿದ್ದಂತೆ ವಾದಕರ ಸಮೇತ ಆ ವಾದ್ಯ ಕೆಳಕ್ಕೆ ಇಳಿದು ಮರೆಯಾಗುತ್ತದೆ. ಒಂದರ ಹಿಂದೆ ಒಂದು ಪರದೆ ಸರಿಯುತ್ತದೆ, ಪ್ರತಿ ಪರದೆಗೂ ಬೇರೆ ಬೇರೆ ಬಣ್ಣದ ಬೆಳಕು. ಆಮೇಲೆ ಡಿಸ್ನಿ ಸಂಸ್ಥೆಯ ವಿನೋದ ಉದ್ಯಾನದಲ್ಲಿ ಕಾಣಸಿಗುವ ವೇಷಧಾರಿಗಳು ಬಂದು ಹಾಡಿ ಕುಣಿಯುತ್ತಾರೆ. ಅವರು ತೆರೆಮರೆಗೆ ಸರಿದ ನಂತರವೇ ಚಿತ್ರ. ಮೊಮ್ಮಗ ಚಿತ್ರದ ಕಥೆಯನ್ನು ವಾರದೊಳಗೆ ಮರೆತ; ಪರದೆಗಳು ಸರಿದ ಕ್ರಮವನ್ನು ಮಾತ್ರ ಇಂದಿಗೂ ಕೈಯಾಡಿಸಿ ತೋರಿಸುತ್ತಾನೆ.

ಈ ಪದ್ಧತಿ ಡಿಸ್ನಿಯವರಿಂದ ಹುಟ್ಟಿದ್ದಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಸಿಡ್ ಗ್ರೌಮನ್ ಎಂಬ ಪ್ರದರ್ಶಕರು ಹಾಲಿವುಡ್ಡಿನಲ್ಲಿ 1922ರಲ್ಲಿ ಈಜಿಪ್ಷಿಯನ್, 1927ರಲ್ಲಿ ಚೈನೀಸ್ ಎಂಬ ಎರಡು ಭವ್ಯ ಚಿತ್ರಮಂದಿರಗಳನ್ನು ತೆರೆದು, ಚಿತ್ರದ ವಸ್ತುವಿಗೆ ಹೊಂದುವ ಪೂರ್ವರಂಗವನ್ನು ಹತ್ತಾರು ಕಲಾವಿದರಿಂದ ವೇದಿಕೆಯ ಮೇಲೆ ಮಾಡಿಸುತ್ತಿದ್ದರು. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ 1932ರ ಡಿಸೆಂಬರಿನಲ್ಲಿ ಬರಿಯ ರಂಗಪ್ರದರ್ಶನಗಳಿಗೆಂದು ಆರಂಭವಾಗಿ, ಕೆಲವೇ ದಿನಗಳಲ್ಲಿ ಚಿತ್ರವನ್ನೂ ರಂಗಪ್ರದರ್ಶನವನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಡುವ ಕ್ರಮಕ್ಕೆ ಬಂತು. ಸುಮಾರು 6,000 ಆಸನಗಳ ಆ ಮಂದಿರ 1979ರವರೆಗೂ ಆ ಕ್ರಮವನ್ನು ಉಳಿಸಿಕೊಂಡಿತ್ತು. 1955ರಲ್ಲಿ ಡಿಸ್ನಿಲ್ಯಾಂಡ್ ಎಂಬ ವಿನೋದ ಉದ್ಯಾನ ತೆರೆದಾಗ ಅದನ್ನು ರೂಪಿಸಿದವರಲ್ಲಿ ಬಹಳ ಮಂದಿ ಚಿತ್ರಗಳಿಗೆ ಸೆಟ್ ಹಾಕುತ್ತಿದ್ದ ಕಲಾನಿರ್ದೇಶಕರೇ. ಹೀಗೆ ಚಿತ್ರರಂಗದ ಕಸುಬು ಉದ್ಯಾನಕ್ಕೆ ಹೋಗಿ, ಅಲ್ಲಿ ಬೆಳೆದು, ಎಲ್ ಕ್ಯಾಪಿಟನ್ನಿನಂಥ ಕಡೆ ಮತ್ತೆ ಚಿತ್ರಮಂದಿರದ ವೇದಿಕೆಗೇ ಬಂದು ನಿಂತಿದೆ.

ನಮ್ಮಲ್ಲಿ ಇದು ಇರಲಿಲ್ಲವೇ? ಇತ್ತು, ಅದೂ ಇದಕ್ಕಿಂತ ದೊಡ್ಡದಾಗಿಯೇ ಇತ್ತು. 1884ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಗೆ ಬಂದ ಮೇಲೆ ಕುರುಕ್ಷೇತ್ರದ ಆಟಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಕಂಪನಿ ನಾಟಕದ ‘ಟ್ರಾನ್ಸ್‌ಫರ್ ಸೀನ್’ ಎಂದರೆ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಕಾಡಿದ್ದ ಕಡೆ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ದರ್ಬಾರು ಬರುತ್ತಿತ್ತು. ಮೋಡ ಬಿರಿದು ದೇವರು ಇಳಿಯುತ್ತಿದ್ದರು. ವಿನೋದ ಉದ್ಯಾನಗಳು ಇಂದು ಕೋಟಿಗಟ್ಟಲೆ ಸುರಿದು ಮಾಡುವ ವಿಸ್ಮಯವನ್ನು ನಮ್ಮವರು ರಾಟೆ, ಹಗ್ಗ, ಬಣ್ಣದ ಪರದೆ ಮತ್ತು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಸಾಧಿಸಿದ್ದರು. ಚಿತ್ರಮಂದಿರಗಳು ಬಂದಾಗಲೂ ಆ ಸಂಪ್ರದಾಯದ ಒಂದು ಎಳೆ ಉಳಿದಿತ್ತು. ನನ್ನ ವಯಸ್ಸಿನವರಿಗೆ ನೆನಪಿರಬಹುದು: ವೆಂಕಟೇಶನ ಸ್ತುತಿ ಮೊಳಗುತ್ತಿದ್ದಂತೆ ಅಂಚಿಗೆ ಜರಿಯ ಝಾಲರಿ ಕಟ್ಟಿದ ಮಖಮಲ್ ಪರದೆ ನೆರಿಗೆ ನೆರಿಗೆಯಾಗಿ ಮೇಲೇರುತ್ತಿತ್ತು, ಅದರ ಬುಡದಲ್ಲಿ ಸಾಲಾಗಿ ಕೂರಿಸಿದ್ದ ಕೆಂಪು, ಹಸಿರು, ನೀಲಿ ಬಲ್ಬುಗಳು ಒಂದು ಹೋಗಿ ಒಂದು ಹತ್ತುತ್ತಿದ್ದವು. ಗಾಂಧಿ ಕ್ಲಾಸಿನಲ್ಲಿ ಕುಳಿತಿದ್ದ ಹುಡುಗರು ಚಿತ್ರದ ಮೊದಲ ಶಿಳ್ಳೆಯನ್ನು ಆ ಪರದೆಗೇ ಹೊಡೆಯುತ್ತಿದ್ದರು. ಡಿಜಿಟಲ್ ಪ್ರೊಜೆಕ್ಟರು ಬಂದ ಮೇಲೆ ಪರದೆ ಎತ್ತುವ ಮೋಟಾರು ಕೆಟ್ಟರೆ ರಿಪೇರಿ ಮಾಡಿಸುವವರಿಲ್ಲ. ಪರದೆಯೇ ಹೋಯಿತು, ಈಗ ಒಳಗೆ ಕಾಲಿಟ್ಟರೆ ಎದುರಾಗುವುದು ಗುಟ್ಕಾ ವಿರುದ್ಧದ ಜಾಹೀರಾತು.

ಹಾಸನದಲ್ಲಿ ಇದನ್ನು ಮತ್ತೆ ಕಟ್ಟಲು ಬೇಕಾದ ಕಸುಬುದಾರರು ಇನ್ನೂ ಇದ್ದಾರೆ ಎಂಬುದೇ ನನ್ನ ಧೈರ್ಯ. ನಮ್ಮ ಹಾಸನಾಂಬ ಕಲಾಕ್ಷೇತ್ರದಲ್ಲಿ ಇಂದಿಗೂ ಸುತ್ತಲ ಹಳ್ಳಿಗಳವರು ಪೌರಾಣಿಕ ನಾಟಕ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಎಂದು ತಾವೇ ಹಣ ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ಕಂದಪದ್ಯ ಕಲಿತು, ರಾತ್ರಿಯಿಡೀ ಆಡುವ ರೈತರು, ಆಟೋ ಚಾಲಕರು, ಸರ್ಕಾರಿ ನೌಕರರು ಬೇರೆ ಎಷ್ಟು ಜಿಲ್ಲೆಗಳಲ್ಲಿದ್ದಾರು! ಆ ನಾಟಕಗಳಿಗೆ ಬಾಡಿಗೆಗೆ ಡ್ರಾಮಾ ಸೀನರಿ ಒದಗಿಸುವವರ ಬಳಿ ಅರಮನೆ, ಕಾಡು, ರಸ್ತೆ, ಕೈಲಾಸ ಎಲ್ಲದರ ಪರದೆಗಳೂ ಸುರುಳಿ ಸುತ್ತಿಕೊಂಡು ಇವೆ. ಅವುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ ಇಳಿಸುವ ಕೈಗಳೂ ಇವೆ. ಅರಸೀಕೆರೆ ಕಡೆಯ ರಂಗದ ಕುಣಿತ, ಸಕಲೇಶಪುರದ ಸುಗ್ಗಿ ಕುಣಿತ, ನೆರೆಯ ಕಡೂರು ಬೀರೂರುಗಳ ವೀರಗಾಸೆ, ನಮ್ಮ ಚಿಟ್ಟಿಮೇಳ ಇವೆಲ್ಲ ಇಂದು ಹೆಚ್ಚಾಗಿ ಕಾಣುವುದು ಗಣ್ಯರ ಸ್ವಾಗತಕ್ಕೆ ಬಿಸಿಲಲ್ಲಿ ನಿಲ್ಲಿಸಿದಾಗ ಮಾತ್ರ. ಅದು ನನಗೆ ತುಂಬ ನೋವಿನ ವಿಷಯ. ಕುರ್ಚಿಯಲ್ಲಿ ಕುಳಿತು, ದುಡ್ಡು ಕೊಟ್ಟು, ಕತ್ತಲಲ್ಲಿ ಮೌನವಾಗಿ ನೋಡುವ ಪ್ರೇಕ್ಷಕರ ಮುಂದೆ ಅವರು ಬೆಳಕಿನಲ್ಲಿ ನಿಲ್ಲಬೇಕು.

ಇನ್ನು ಕಥೆ. ಡಿಸ್ನಿಯ ವೇಷಗಳನ್ನೇ ನಕಲು ಮಾಡಿ ಇಲಿಯ ಮುಖವಾಡ ಹಾಕಿಸುವ ಪ್ರದರ್ಶನ ನಮಗೆ ಬೇಡ. ಶಾಲಾ ವಾರ್ಷಿಕೋತ್ಸವಗಳಲ್ಲಿ ಅದು ಸಾಕಷ್ಟಾಗಿದೆ, ಮೇಲಾಗಿ ಆ ಪಾತ್ರಗಳ ಹಕ್ಕು ಅವರದ್ದು. ಅವರಿಂದ ಕಲಿಯಬೇಕಾದದ್ದು ಪ್ರೇಕ್ಷಕನನ್ನು ಬಾಗಿಲಿನಿಂದಲೇ ಕಥೆಯೊಳಗೆ ಕರೆದುಕೊಳ್ಳುವ ವಿಧಾನವನ್ನು. ಉದ್ಯಾನಗಳಲ್ಲಿ ಸರದಿಯ ಸಾಲೂ ಕಥೆಯ ಭಾಗ. ಸಾಲಿನಲ್ಲಿ ನಿಂತಿರುವಾಗಲೇ ಗೋಡೆ, ದೀಪ, ಸದ್ದು ನಿಮ್ಮನ್ನು ಮುಂದೆ ಬರುವುದಕ್ಕೆ ಸಿದ್ಧ ಮಾಡುತ್ತವೆ. ನಮ್ಮ ಹಳೆಯ ಚಿತ್ರಮಂದಿರಗಳ ಟಿಕೆಟ್ ಕೌಂಟರಿಗೆ ಹೋಗುವ ಕಬ್ಬಿಣದ ಸರಳುಗಳ ಕಿರಿದಾದ ಓಣಿ, ಚಿತ್ರದ ಫೋಟೊ ಕಾರ್ಡುಗಳನ್ನು ಅಂಟಿಸುತ್ತಿದ್ದ ಗಾಜಿನ ಪೆಟ್ಟಿಗೆ, ಬಾಲ್ಕನಿಗೆ ತಿರುಗುವ ಮೆಟ್ಟಿಲು ಇವೆಲ್ಲ ಅದಕ್ಕೆ ಸಿದ್ಧವಾಗಿಯೇ ಇವೆ. ಆ ಗಾಜಿನ ಪೆಟ್ಟಿಗೆಯಲ್ಲಿ ಬೇಲೂರಿನ ಮದನಿಕೆಯರ ಚಿತ್ರ ಇಟ್ಟು, ಓಣಿಯಲ್ಲಿ ಉಳಿಯ ಸದ್ದು ಕೇಳಿಸಿದರೆ ಪ್ರದರ್ಶನ ಅಲ್ಲಿಂದಲೇ ಆರಂಭ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯವನ್ನೇ ತೆಗೆದುಕೊಳ್ಳಿ. ವಿಗ್ರಹದಲ್ಲಿ ದೋಷವಿದೆಯೆಂದು ಹುಡುಗ ಡಂಕಣ ಸವಾಲು ಹಾಕುತ್ತಾನೆ; ಇದ್ದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಜಕಣಾಚಾರಿ ಪಣ ತೊಡುತ್ತಾನೆ. ವಿಗ್ರಹಕ್ಕೆ ಮೈತುಂಬ ಗಂಧ ಬಳಿಯುತ್ತಾರೆ, ಗಂಧ ಎಲ್ಲ ಕಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯುತ್ತದೆ, ಅಲ್ಲಿ ಉಳಿ ಇಟ್ಟು ಹೊಡೆದರೆ ನೀರು ಚಿಮ್ಮಿ ಕಪ್ಪೆ ಹೊರಬರುತ್ತದೆ. ರಂಗದ ಮೇಲೆ ಇದಕ್ಕಿಂತ ಚೆಂದದ ಕ್ಷಣ ಇನ್ನಾವುದು? ಆಳೆತ್ತರದ ವಿಗ್ರಹವನ್ನು ಹಗುರವಾದ ಫೈಬರಿನಲ್ಲಿ ಮಾಡಿಸಬಹುದು. ಬೂದುಬಣ್ಣದ ಮೈಮೇಲೆ ಬೆಳಕಿನಿಂದಲೇ ಗಂಧ ಬಳಿದಂತೆ ತೋರಿಸಿ, ನಿಧಾನವಾಗಿ ಅದನ್ನು ಒಣಗಿಸುತ್ತ ಬಂದು, ಹೊಕ್ಕುಳ ಬಳಿ ಅಂಗೈಯಗಲ ಮಾತ್ರ ಹೊಳೆಯುವಂತೆ ಬಿಡಬಹುದು. ಒಳಗೆ ಚಿಕ್ಕ ಪಂಪು, ಒಂದು ಬಕೆಟ್ ನೀರು. ಉಳಿಯ ಏಟು ಬಿದ್ದಾಗ ಮುಂದಿನ ಸಾಲಿನವರ ಮೇಲೆ ನಾಲ್ಕು ಹನಿ ಬಿದ್ದರೆ ಮಕ್ಕಳು ಅದನ್ನು ಜೀವನಪೂರ್ತಿ ಮರೆಯುವುದಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ಜಕಣಾಚಾರಿ ಐತಿಹ್ಯದ ವ್ಯಕ್ತಿ. ಬೇಲೂರಿನ ಶಿಲ್ಪಗಳ ಪೀಠದ ಮೇಲೆ ಹೆಸರು ಕೆತ್ತಿಕೊಂಡ ನಿಜವಾದ ಶಿಲ್ಪಿಗಳಿದ್ದಾರೆ: ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ಮತ್ತಿತರರು. ಒಂಬೈನೂರು ವರ್ಷಗಳ ಹಿಂದೆ, 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ದೇವಾಲಯದಲ್ಲಿ ಶಿಲ್ಪಿ ತನ್ನ ಹೆಸರನ್ನೂ ಊರನ್ನೂ ಕೆತ್ತಿಟ್ಟಿದ್ದಾನೆ ಎಂಬುದು ಕಪ್ಪೆಯ ಕಥೆಯಷ್ಟೇ ರೋಮಾಂಚಕವಾದ ಸಂಗತಿ. ಕಥೆ ಮುಗಿದ ಮೇಲೆ ಸೂತ್ರಧಾರ ಮುಂದೆ ಬಂದು ಈ ಹೆಸರುಗಳನ್ನು ಓದಿ ಹೇಳಬೇಕು. ಐತಿಹ್ಯವನ್ನು ಐತಿಹ್ಯವೆಂದೂ ಇತಿಹಾಸವನ್ನು ಇತಿಹಾಸವೆಂದೂ ಹೇಳುವ ಪ್ರದರ್ಶನ ನಮ್ಮದಾಗಬೇಕು. ಅಂಗಡಿ ಎಂಬ ಊರಿನ ಕಾಡಿನಲ್ಲಿ ಸಳ ಹುಲಿಯನ್ನು ಕೊಂದ ಕಥೆಗೂ ಇದೇ ಮಾತು ಅನ್ವಯಿಸುತ್ತದೆ. ಆ ಕಥೆಗೆ ಚಿಕ್ಕಮಗಳೂರಿನವರು ಹಕ್ಕುದಾರರು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಳೆಯ ಸೊಸೆವೂರು. ಅಲ್ಲಿನ ಚಿತ್ರಮಂದಿರದವರು ಹುಲಿಯನ್ನು ತೆಗೆದುಕೊಳ್ಳಲಿ, ನಾವು ಕಪ್ಪೆಯನ್ನು ಇಟ್ಟುಕೊಳ್ಳೋಣ. ವರ್ಷಕ್ಕೊಮ್ಮೆ ತಂಡಗಳು ಊರು ಬದಲಿಸಿಕೊಳ್ಳಲಿ.

ಕಟ್ಟಡದ ವಿಷಯಕ್ಕೆ ಬಂದರೆ, ತೊಡಕು ನಾವು ಅಂದುಕೊಂಡಷ್ಟಿಲ್ಲ. ಚಿತ್ರದ ಪರದೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಅದರ ಹಿಂದೆ ಧ್ವನಿವರ್ಧಕಗಳಿರುತ್ತವೆ. ಹಾಗಾಗಿ ಪರದೆಯ ಹಿಂದಿನ ಜಾಗವನ್ನು ಮುಟ್ಟುವಂತಿಲ್ಲ. ಪ್ರದರ್ಶನ ಪರದೆಯ ಮುಂದಿನ ವೇದಿಕೆಯಲ್ಲಿಯೇ ಆಗಬೇಕು. ಎಷ್ಟೋ ಹಳೆಯ ಮಂದಿರಗಳಲ್ಲಿ ಅದಕ್ಕೆ ಸಾಕಷ್ಟು ಅಗಲವಿದೆ. ಆಳ ಕಡಿಮೆ ಇರುವುದರಿಂದ ಸೀನರಿ ಪರದೆಗಳನ್ನು ಒಂದಕ್ಕೊಂದು ಹತ್ತಿರ ತೂಗುಬಿಡಬೇಕಾಗುತ್ತದೆ, ಕುಣಿತಕ್ಕೆ ಎಂಟು ಹತ್ತು ಮಂದಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ವೀರಗಾಸೆಯವರು ವೇದಿಕೆಯ ಬದಲು ಪ್ರೇಕ್ಷಕರ ನಡುವಿನ ದಾರಿಯಲ್ಲಿ, ಹಿಂಬಾಗಿಲಿನಿಂದ ಸಂಬಾಳದ ಸದ್ದಿನೊಂದಿಗೆ ಬಂದರೆ ಆ ಕೊರತೆಯೇ ಒಂದು ಸೊಬಗಾದೀತು. ಎಲ್ಲಕ್ಕಿಂತ ಮೊದಲು ಆ ಮಖಮಲ್ ಪರದೆಯನ್ನು ಮತ್ತೆ ಹಾಕಿಸಬೇಕು.

ಬೆಂಕಿಯ ಭಯವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 1903ರ ಡಿಸೆಂಬರ್ 30ರಂದು ಶಿಕಾಗೋ ನಗರದ ಇರಾಕ್ವಾಯ್ ನಾಟಕಶಾಲೆಯಲ್ಲಿ ಆರ್ಕ್ ದೀಪದ ಕಿಡಿ ಪರದೆಗೆ ತಗುಲಿ, ಇಳಿಯಬೇಕಿದ್ದ ಅಗ್ನಿನಿರೋಧಕ ತೆರೆ ಅರ್ಧದಲ್ಲೇ ಸಿಕ್ಕಿಕೊಂಡು, ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ನಮ್ಮ ದೇಶದಲ್ಲಿಯೇ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿಯ ಹೊಗೆ ಬಾಲ್ಕನಿಗೆ ಹಬ್ಬಿ 59 ಮಂದಿ ಪ್ರಾಣ ಬಿಟ್ಟರು. ಹೆಚ್ಚುವರಿ ಕುರ್ಚಿಗಳು ಹೊರಹೋಗುವ ದಾರಿಯನ್ನು ಮುಚ್ಚಿದ್ದವು. ಆದ್ದರಿಂದ ಸೀನರಿ ಬಟ್ಟೆಗೆ ಅಗ್ನಿನಿರೋಧಕ ಲೇಪ, ಎಲ್‌ಇಡಿ ದೀಪ ಮಾತ್ರ, ಕರ್ಪೂರವಾಗಲಿ ಪಂಜಾಗಲಿ ಬೇಡವೇ ಬೇಡ, ಹೊರದಾರಿಯಲ್ಲಿ ಒಂದೇ ಒಂದು ಹೆಚ್ಚುವರಿ ಕುರ್ಚಿಯೂ ಬೇಡ. ವೀರಗಾಸೆಯ ಪಂಜನ್ನು ಬಿಡಿ ಎನ್ನುವುದು ಕಲಾವಿದರಿಗೆ ಬೇಸರ ತರಬಹುದು. ಆದರೂ ಮುಚ್ಚಿದ ಮಂದಿರದೊಳಗೆ ಅದನ್ನು ಒಪ್ಪಲಾಗದು. ಅಗ್ನಿಶಾಮಕ ಇಲಾಖೆಯವರು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಮೊದಲ ಪ್ರದರ್ಶನ ನಡೆಯಬೇಕು.

ಪರವಾನಗಿ ಮತ್ತು ತೆರಿಗೆಯ ವಿಷಯದಲ್ಲಿ ಜಿಲ್ಲಾಡಳಿತದ ನೆರವು ಬೇಕು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಅಧಿಕಾರ ಜಿಲ್ಲೆಯ ದಂಡಾಧಿಕಾರಿಗಳದ್ದು, ಎಂದರೆ ನಮ್ಮ ಜಿಲ್ಲಾಧಿಕಾರಿಗಳದ್ದೇ. ಚಿತ್ರದ ಪರವಾನಗಿ ಇರುವ ಮಂದಿರದಲ್ಲಿ ರಂಗಪ್ರದರ್ಶನಕ್ಕೆ ಏನೇನು ಬೇಕು ಎಂಬುದನ್ನು ಅವರ ಕಚೇರಿ ಒಂದು ಪುಟದಲ್ಲಿ ಸ್ಪಷ್ಟಪಡಿಸಿದರೆ ಮಾಲೀಕರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಚಿತ್ರದ ಟಿಕೆಟ್ಟಿಗೆ ಜಿಎಸ್‌ಟಿ ಇದೆ. ನಾಟಕ, ನೃತ್ಯ ಪ್ರದರ್ಶನಗಳ ಟಿಕೆಟ್ಟಿಗೆ ಒಬ್ಬರಿಗೆ 500 ರೂಪಾಯಿವರೆಗೆ ವಿನಾಯಿತಿ ಇದೆ. ಎರಡೂ ಒಂದೇ ಟಿಕೆಟ್ಟಿನಲ್ಲಿ ಸೇರಿದಾಗ ಏನಾಗುತ್ತದೆ ಎಂಬ ಅನುಮಾನಕ್ಕೆ ಎಡೆಕೊಡದೆ ರಂಗಪ್ರದರ್ಶನಕ್ಕೆ ಬೇರೆಯೇ ಚೀಟಿ ಹರಿಯುವುದು ಒಳ್ಳೆಯದು. ಬೆಲೆ ಒಂದು ಮಸಾಲೆ ದೋಸೆಯ ಬೆಲೆಗಿಂತ ಹೆಚ್ಚಾಗದಿರಲಿ.

ಮಾಲೀಕರು ಕೇಳುವ ಪ್ರಶ್ನೆ ನನಗೆ ಗೊತ್ತು: ಚಿತ್ರಕ್ಕೇ ಬಾರದ ಜನ ಇದಕ್ಕೆ ಬರುತ್ತಾರೆಯೇ? ಮೊಬೈಲಿನಲ್ಲಿ ಸಿಗುವುದನ್ನೇ ಮಂದಿರದಲ್ಲಿ ತೋರಿಸಿದರೆ ಬರುವುದಿಲ್ಲ, ನಿಜ. ಮೊಬೈಲಿನಲ್ಲಿ ಸಿಗದಿರುವುದು ಎದುರಿಗೆ ಬೆವರುತ್ತ ನಿಂತ ಮನುಷ್ಯ, ಅವನ ಗೆಜ್ಜೆಯ ಸದ್ದು, ಮೈಮೇಲೆ ಬಿದ್ದ ನೀರಿನ ಹನಿ. ಇನ್ನೊಂದು ಲೆಕ್ಕವನ್ನೂ ಅವರ ಮುಂದಿಡುತ್ತೇನೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡಲು ಬರುವವರು ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು ಮುಗಿಸಿ ಸಂಜೆ ಬಿ.ಎಂ. ರಸ್ತೆಯಲ್ಲಿ ಒಂದು ಕಾಫಿ ಕುಡಿದು ಬೆಂಗಳೂರಿನ ಕಡೆ ಹೊರಟುಬಿಡುತ್ತಾರೆ. ಅವರನ್ನು ಒಂದು ಸಂಜೆ ನಿಲ್ಲಿಸಿಕೊಳ್ಳುವಂಥದ್ದು ನಮ್ಮ ಊರಿನಲ್ಲಿ ಏನೂ ಇಲ್ಲ. ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದ ದಿನಗಳಲ್ಲಂತೂ ಗಂಟೆಗಟ್ಟಲೆ ಸರದಿಯಲ್ಲಿ ನಿಂತು ದರ್ಶನ ಮಾಡಿದ ಲಕ್ಷಾಂತರ ಜನರಿಗೆ ಸಂಜೆ ಕೂರಲು ಒಂದು ಜಾಗವಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿರುತ್ತಾರೆ.

ಆದುದರಿಂದ ಮುಂದಿನ ಹಾಸನಾಂಬ ಜಾತ್ರೆಯ ದಿನಗಳಿಗೆ, ಬರೀ ಆ ದಿನಗಳಿಗೆ ಮಾತ್ರ, ಊರಿನ ಒಂದು ಏಕಪರದೆ ಚಿತ್ರಮಂದಿರವನ್ನು ಆಯ್ದುಕೊಂಡು ಈ ಪ್ರಯೋಗವನ್ನು ಮಾಡಿ ನೋಡಬೇಕೆಂದು ಜಿಲ್ಲಾಡಳಿತವನ್ನೂ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ, ಚಿತ್ರಮಂದಿರಗಳ ಮಾಲೀಕರನ್ನೂ ಕೋರುತ್ತೇನೆ. ಉತ್ಸವದ ದೀಪಾಲಂಕಾರಕ್ಕೆ ಪ್ರತಿವರ್ಷ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಕೊಟ್ಟರೆ ಪರದೆ, ವಿಗ್ರಹ, ದೀಪಗಳ ಖರ್ಚು ಹುಟ್ಟೀತು. ಕಲಾವಿದರ ಸಂಭಾವನೆಯನ್ನು ಬಿಲ್ಲು, ಮಂಜೂರಾತಿ ಎಂದು ಎಳೆಯದೆ ಅಂದಂದಿನ ಪ್ರದರ್ಶನ ಮುಗಿದ ಕೂಡಲೇ ಅವರ ಕೈಗೆ ಕೊಡಬೇಕು. ಸೀನರಿ ಎಳೆಯುವ ಹುಡುಗರಿಗೂ ಅದೇ ನಿಯಮ ಇರಬೇಕು. ಜಾತ್ರೆ ಮುಗಿದ ಮೇಲೆ ಎಷ್ಟು ಚೀಟಿ ಹರಿಯಿತು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದರೆ, ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮಾಲೀಕರೇ ತೀರ್ಮಾನಿಸಲಿ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಹಾಸನ